ಉಪ್ಪು ಒಣಗುವ ಮುನ್ನ

ಮೊನ್ನೆ ಸಂಜೆ ಕಡಲತೀರದಿಂದ ವಾಪಸ್ ಬಂದಾಗ ಕಾಲು ಸೋತಿತ್ತು. ನೆಲದಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್‌ನ ಕಾಯಿಲ್, ಅಂದರೆ ಅದರ ತುದಿಯ ತಟ್ಟೆ, ಐದು ಗಂಟೆ ಬೀಸಿ ಬೀಸಿ ಬಲಭುಜ ಹಿಡಿದುಕೊಂಡಿತ್ತು. ಸಿಕ್ಕಿದ್ದು ಮೂರು ಬಾಟಲಿ ಮುಚ್ಚಳ, ಮೀನಿನ ಬಲೆಗೆ ಕಟ್ಟುವ ಒಂದು ಸೀಸದ ಗುಂಡು, ಎರಡು ನಾಣ್ಯ. ಸ್ನಾನ ಮಾಡಿ ಮಲಗಿಬಿಡಬೇಕು ಅನ್ನಿಸಿತು. ಆದರೂ ಮೊದಲು ಬಕೆಟ್‌ಗೆ ನೀರು ಹಿಡಿದೆ. ಮೆಟಲ್ ಡಿಟೆಕ್ಟರ್‌ನ ಸ್ನಾನ ಮುಗಿಯದೆ ನನ್ನ ಸ್ನಾನ ಇಲ್ಲ. ಇದು ನನಗೆ ನಾನೇ ಹಾಕಿಕೊಂಡ ನಿಯಮ. ಹಾಕಿಕೊಳ್ಳಲು ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಸಂಜೆ "ನಾಳೆ ತೊಳೆದರಾಯ್ತು" ಅಂದುಕೊಂಡು ಅದನ್ನು ಮೂಲೆಯಲ್ಲಿ ನಿಲ್ಲಿಸಿದ್ದೆ. ಆ ನಾಳೆ ಬರಲಿಲ್ಲ. ಏನೇನೋ ಕೆಲಸ ಬಂತು. ಮೂರು ವಾರದ ಮೇಲೆ ಎತ್ತಿಕೊಂಡು, ಒಂದರೊಳಗೊಂದು ಜಾರುವ ಕೊಳವೆಗಳ ಅದರ ಕೋಲಿನ ಉದ್ದ ಸರಿಮಾಡಲು ಹೋದರೆ ಕೆಳಗಿನ ಕೊಳವೆ ಅಲುಗಾಡಲಿಲ್ಲ. ನಡುವಿನ ಕೊಳವೆಯೊಳಗೆ ಬೆಸುಗೆ ಹಾಕಿದ ಹಾಗೆ ಕೂತಿತ್ತು. ಎರಡೂ ಸೇರುವ ಕಡೆ ಸುಣ್ಣದಂಥ ಬಿಳಿ ಪುಡಿ ಕಾಣುತ್ತಿತ್ತು.

ಆ ಬಿಳಿ ಪುಡಿ ಏನು ಅಂತ ತಿಳಿದುಕೊಳ್ಳಲು ಹೋಗಿಯೇ ನನಗೆ ಈ ಯಂತ್ರವನ್ನು ನೋಡಿಕೊಳ್ಳುವ ಬಗ್ಗೆ ಆಸಕ್ತಿ ಹುಟ್ಟಿದ್ದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಉಳಿದ ಉಪ್ಪು ಸುಮ್ನೆ ಕೂರುವುದಿಲ್ಲ. ಗಾಳಿಯಲ್ಲಿನ ತೇವವನ್ನು ಎಳೆದುಕೊಂಡು ಮತ್ತೆ ಮತ್ತೆ ಒದ್ದೆಯಾಗುತ್ತದೆ. ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಒಂದು ತೆಳ್ಳನೆಯ ಪದರ ಕಟ್ಟಿಕೊಂಡು ಕಾಪಾಡಿಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನೇ ತೂತು ಮಾಡುತ್ತದೆ. ನನ್ನ ಯಂತ್ರದಲ್ಲಿ ಇನ್ನೊಂದು ತೊಂದರೆಯೂ ಇತ್ತು. ನಡುವಿನ ಕೊಳವೆ ಅಲ್ಯೂಮಿನಿಯಂ, ಕೆಳಗಿನದು ಕಾರ್ಬನ್ ಫೈಬರ್. ಕಾರ್ಬನ್ ಫೈಬರ್‌ನಲ್ಲೂ ವಿದ್ಯುತ್ ಹರಿಯುತ್ತದೆ. ಎರಡರ ನಡುವೆ ಉಪ್ಪುನೀರು ನಿಂತರೆ ಅದು ಒಂದು ಸಣ್ಣ ಸೆಲ್‌ನ ಹಾಗೆ ಕೆಲಸ ಮಾಡುತ್ತದೆ. ಸವೆಯುವ ಸರದಿ ಅಲ್ಯೂಮಿನಿಯಂನದು. ಸವೆದು ಹುಟ್ಟಿದ ಬಿಳಿ ಪುಡಿ, ಹೋದ ಲೋಹಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಮಿಲಿಮೀಟರ್‌ಗಿಂತ ಕಡಿಮೆ ಇರುವ ಆ ಸಂದಿನಲ್ಲಿ ಜಾಗ ಎಲ್ಲಿದೆ? ಹಾಗಾಗಿ ಎರಡೂ ಕೊಳವೆಗಳು ಕಚ್ಚಿಕೊಂಡುಬಿಡುತ್ತವೆ.

ಇಕ್ಕಳ ಹಾಕಿ ತಿರುಗಿಸಬೇಕು ಅಂತ ಕೈ ತುರಿಸಿತು. ಹಾಕಲಿಲ್ಲ. ಕಾರ್ಬನ್ ಕೊಳವೆ ಉದ್ದಕ್ಕೆ ಎಷ್ಟು ಭಾರವಾದರೂ ತಡೆಯುತ್ತದೆ, ಪಕ್ಕದಿಂದ ಹಿಚುಕಿದರೆ ಸೀಳಿಬಿಡುತ್ತದೆ. ಕಾಯಿಲ್ ಬಿಚ್ಚಿ, ಸ್ಕ್ರೀನ್ ಇರುವ ಮೇಲಿನ ಪೆಟ್ಟಿಗೆ ಬಿಚ್ಚಿ, ಎರಡು ಕೊಳವೆಗಳನ್ನಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಸಂಜೆ ನೀರು ಬದಲಿಸಿ, ಕೈಯಲ್ಲೇ ಆ ಕಡೆ ಈ ಕಡೆ ಮೆಲ್ಲಗೆ ತಿರುಗಿಸುತ್ತಾ ಬಂದೆ. ಮೂರನೇ ದಿನ ಒಂದು ಕೂದಲೆಳೆಯಷ್ಟು ಸರಿಯಿತು. ಆಮೇಲೆ ಬಿಟ್ಟುಕೊಂಡಿತು. ಹೊರಬಂದ ಕೊಳವೆಯ ಮೇಲೆ ಉದ್ದನೆಯ ಒಂದು ಗೀರು. ಅದು ಈಗಲೂ ಇದೆ.

ಬರೀ ಕೊಳವೆ ಕಚ್ಚಿಕೊಳ್ಳುವುದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕೊಳೆ ಈ ಯಂತ್ರದ ಕಿವಿಯನ್ನೇ ಕೆಡಿಸುತ್ತದೆ. ಅದು ಹೇಗೆ ಅಂತ ಅರ್ಥ ಆಗಬೇಕಾದರೆ ಕಾಯಿಲ್‌ನೊಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಡಿಟೆಕ್ಟರ್‌ನ ಕಾಯಿಲ್‌ನಲ್ಲಿ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಇನ್ನೊಂದು ಕೇಳಿಸಿಕೊಳ್ಳುತ್ತದೆ. ಆದರೆ ಪಕ್ಕದಲ್ಲೇ ಇರುವ ಮೊದಲನೆಯದರ ಗದ್ದಲ ಎರಡನೆಯದಕ್ಕೆ ಕೇಳಿಸಬಾರದು. ಅದಕ್ಕೆ ಒಂದರ ಮೇಲೊಂದು ಸ್ವಲ್ಪವೇ ಹಾಯುವ ಹಾಗೆ ಅವುಗಳನ್ನು ಕೂರಿಸಿರುತ್ತಾರೆ. ಆಗ ಒಳಬರುವ ಕಾಂತಕ್ಷೇತ್ರವೂ ಹೊರಹೋಗುವುದೂ ಸರಿದೂಗಿ, ಕೇಳುವ ಸುರುಳಿಯಲ್ಲಿ ಹೆಚ್ಚುಕಡಿಮೆ ಮೌನ ಇರುತ್ತದೆ. ನೆಲದಲ್ಲಿ ನಾಣ್ಯ ಇದ್ದರೆ ಅದರೊಳಗೆ ಸುಳಿಯಾಗಿ ವಿದ್ಯುತ್ ಹರಿಯುತ್ತದೆ. ಅದು ತನ್ನದೇ ಒಂದು ಸಣ್ಣ ಕಾಂತಕ್ಷೇತ್ರ ಹುಟ್ಟಿಸಿ ಆ ಮೌನವನ್ನು ಕೆಣಕುತ್ತದೆ. ನಮಗೆ ಕೇಳಿಸುವ ಟಿಣ್ ಅನ್ನುವ ಸದ್ದು ಅದೇ.

ಇಷ್ಟು ನಾಜೂಕಾದ ಮೌನದ ಪಕ್ಕದಲ್ಲಿ ಏನೇ ಇದ್ದರೂ ತೊಂದರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ಸರಿದೂಗಿಸುವ ತತ್ವದ ಸಾಧನ ತಂದಿದ್ದರು. ಮೊದಲೇ ಪರೀಕ್ಷೆ ಮಾಡಿದಾಗ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಗೊಂದಲದ ಸದ್ದು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದವು ಅಂತ ಆಮೇಲೆ ಗೊತ್ತಾಯಿತು. ಜೊತೆಗೆ, ಗುಂಡು ಬಲಗಡೆ ಇದೆ ಅಂತ ನಂಬಿದ್ದ ವೈದ್ಯರು ಬಲಗಡೆಯೇ ಹುಡುಕಿಸಿದರು. ಗುಂಡು ಎಡಗಡೆ ಇತ್ತು. ಸೆಪ್ಟೆಂಬರ್‌ನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ಈ ಕಥೆ ಓದಿದಾಗಲೆಲ್ಲ ನನಗೆ ಬೆಲ್ ಅವರ ಬಗ್ಗೆ ಸಂಕಟ ಆಗುತ್ತದೆ. ಕಿವಿ ಸರಿಯಾಗಿಯೇ ಇತ್ತು, ಹತ್ತಿರದಲ್ಲೇ ಇದ್ದ ಬೇರೇನೋ ಅದರೊಳಗೆ ಕೂಗುತ್ತಿತ್ತು.

ನನಗೆ ಹಾಗೆ ಕೂಗಿದ್ದು ಕಾಯಿಲ್ ಕವರ್‌ನೊಳಗಿನ ಮರಳು. ಕಾಯಿಲ್‌ನ ತಳ ಕಲ್ಲಿಗೆ ಉಜ್ಜಿ ಸವೆಯದಿರಲಿ ಅಂತ ಒಂದು ತೆಳು ಪ್ಲಾಸ್ಟಿಕ್ ಕವರ್ ಹಾಕಿರುತ್ತಾರಲ್ಲ, ಅದು. ಒಂದು ದಿನ ಒದ್ದೆ ಮರಳಿನ ಮೇಲೆ ಹುಡುಕುತ್ತಿದ್ದೆ. ಕಾಯಿಲ್ ಬೀಸಿದಾಗಲೆಲ್ಲ ಚಟಪಟ ಸದ್ದು. ಎಡಕ್ಕೆ ಬೀಸಿದರೂ ಚಟ್, ಬಲಕ್ಕೆ ಬೀಸಿದರೂ ಚಟ್. ನೆಲವೇ ಸರಿ ಇಲ್ಲ ಅಂದುಕೊಂಡು ಜಾಗ ಬದಲಿಸಿದೆ. ಸೆನ್ಸಿಟಿವಿಟಿ, ಅಂದರೆ ಯಂತ್ರದ ಕಿವಿಯ ಚುರುಕು, ಇಳಿಸಿದೆ. ಇನ್ನೂ ಇಳಿಸಿದೆ. ಕೊನೆಗೆ ಅಂಗೈ ಆಳದ ನಾಣ್ಯವೂ ಕೇಳದಷ್ಟು ಇಳಿಸಿ, ಯಂತ್ರ ಕೆಟ್ಟಿದೆ ಅಂತ ತೀರ್ಮಾನಿಸಿ ಹೊರಟುಬಂದೆ. ಮನೆಯಲ್ಲಿ ಕವರ್ ಕಿತ್ತು ನೋಡಿದರೆ ಒಳಗೆ ಒಂದು ಹಿಡಿ ಕೆಸರು ಮರಳು, ಅರ್ಧಕ್ಕರ್ಧ ಕಪ್ಪು. ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿ ಆಡಿಸಿದೆ. ಗಡ್ಡ ಬೆಳೆದ ಹಾಗೆ ಕಪ್ಪು ಕಣಗಳು ಮೆತ್ತಿಕೊಂಡವು. ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಕಪ್ಪು ಮರಳು.

ಆ ದಿನ ಎಲ್ಲವೂ ಸೇರಿಕೊಂಡಿತ್ತು. ಕಪ್ಪು ಮರಳು ಕಾಂತಕ್ಷೇತ್ರವನ್ನು ಎಳೆದಾಡುತ್ತದೆ. ಉಪ್ಪುನೀರು ವಿದ್ಯುತ್ ಹರಿಸುತ್ತದೆ. ಎರಡೂ ಕಾಯಿಲ್‌ಗೆ ಅಂಟಿಕೊಂಡೇ ಇವೆ. ಬೀಸಿದಾಗಲೆಲ್ಲ ಕವರ್‌ನೊಳಗೆ ಅತ್ತಿತ್ತ ಹರಿದಾಡುತ್ತವೆ. ನೆಲದ ಅಡಿಯ ನಾಣ್ಯ ಎಷ್ಟೋ ದೂರ, ಈ ಕೊಳೆ ಎಷ್ಟು ಹತ್ತಿರ! ಯಂತ್ರಕ್ಕೆ ಏನೂ ಆಗಿರಲಿಲ್ಲ. ತನ್ನ ಹತ್ತಿರ ಇದ್ದದ್ದನ್ನೇ ಅದು ಹೇಳುತ್ತಿತ್ತು. ಅರ್ಥವಾಗದೆ ನಾನು ಅದರ ಬಾಯಿ ಮುಚ್ಚಿಸುತ್ತಾ ಹೋದೆ. ಅಷ್ಟು ಹೊತ್ತು ನಡೆದ ನೆಲದಲ್ಲಿ ಏನೇನು ಬಿಟ್ಟುಬಂದೆನೋ.

ಅಂದಿನಿಂದ ಕಡಲತೀರಕ್ಕೆ ಹೋದ ಪ್ರತಿ ಸಲ ಕವರ್ ತೆಗೆಯುತ್ತೇನೆ. ಒಣ ಹೊಲದಲ್ಲಿ ಹುಡುಕಿದ್ದರೆ ನಾಲ್ಕೈದು ಸಲಕ್ಕೊಮ್ಮೆ ಸಾಕು. ತೆಗೆಯುವಾಗ ಅವಸರ ಬೇಡ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕಾಯಿಲ್‌ನ ಅಂಚಿಗೆ ಗಾಯ ಆಗುತ್ತದೆ. ಸ್ವಲ್ಪ ಬೆಚ್ಚನೆ ನೀರಿನಲ್ಲಿಟ್ಟರೆ ಕವರ್ ಮೆತ್ತಗಾಗುತ್ತದೆ. ಹೆಬ್ಬೆರಳಿನಲ್ಲಿ ಅಂಚಿನ ಸುತ್ತ ಒಂದೊಂದೇ ಕಡೆ ಎತ್ತುತ್ತಾ ಹೋದರೆ ತಾನಾಗಿ ಬರುತ್ತದೆ. ಅಂಚಿಗೆ ಟೇಪ್ ಸುತ್ತಿ ಮುಚ್ಚಿಬಿಡುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಮರಳು ಹೇಗೋ ಒಳಗೆ ಸೇರುತ್ತದೆ, ಆಮೇಲೆ ಹೊರಬರಲು ದಾರಿ ಇರುವುದಿಲ್ಲ.

ಈಗ ತೊಳೆಯುವ ವಿಷಯ. ಬಿಸಿಲಿನಿಂದ ಬಂದ ಯಂತ್ರವನ್ನು ನೇರ ತಣ್ಣೀರಿಗೆ ಅದ್ದಬೇಡಿ. ಬಿಸಿಲಿನಲ್ಲಿ ಕಾದ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರು ಸೋಕಿದ ಕೂಡಲೇ ಅದು ಕುಗ್ಗುತ್ತದೆ, ಸೀಲ್ ಸ್ವಲ್ಪ ಸಡಿಲ ಇದ್ದರೂ ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ನೆರಳಲ್ಲಿ ಇಡಿ. ಅಷ್ಟರಲ್ಲಿ ಎಲ್ಲ ಮುಚ್ಚಳಗಳೂ ಸರಿಯಾಗಿ ಕೂತಿವೆಯಾ ನೋಡಿ. ಬ್ಯಾಟರಿಯ ಬಾಗಿಲು, ಹೆಡ್‌ಫೋನ್ ತೂತಿನ ರಬ್ಬರ್ ಬಿರಡೆ, ಚಾರ್ಜಿಂಗ್ ಜಾಗ, ಎಲ್ಲವೂ. ಬ್ಯಾಟರಿ ತೆಗೆದು ತೊಳೆಯುವುದು ಜಾಣತನ ಅಂತ ಮೊದಲು ನಾನೂ ತಿಳಿದಿದ್ದೆ. ಮೈಯೆಲ್ಲ ಉಪ್ಪುನೀರಿರುವಾಗ ಬಾಗಿಲು ತೆರೆದರೆ ಆ ನೀರು ಒಳಕ್ಕೇ ಇಳಿಯುತ್ತದೆ. ಮೊದಲು ಆಫ್ ಮಾಡಿ, ಮುಚ್ಚಿದ ಹಾಗೇ ತೊಳೆದು, ಒರೆಸಿ, ಒಣಗಿದ ಮೇಲೆ ತೆರೆಯುವುದೇ ಸರಿ.

ಕಾಯಿಲ್‌ಗೆ ನೀರಿನ ಭಯ ಇಲ್ಲ. ಹೆಚ್ಚಿನ ಕಾಯಿಲ್‌ಗಳನ್ನು ಪೂರ್ತಿ ಸೀಲ್ ಮಾಡಿರುತ್ತಾರೆ. ಬಕೆಟ್‌ನಲ್ಲಿ ಅದ್ದಿ, ಅಲ್ಲಾಡಿಸಿ, ನೀರು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಅದ್ದಬಹುದು. ಎರಡನೇ ಬಕೆಟ್ ನೀರನ್ನು ಉಳಿಸಲು ಹೋಗಬೇಡಿ. ಮೊದಲನೆಯದರಲ್ಲಿ ಕರಗಿದ ಉಪ್ಪು ಅಲ್ಲೇ ಇರುತ್ತದೆ, ಅದರಲ್ಲೇ ಜಾಲಾಡಿಸಿದರೆ ಉಪ್ಪನ್ನು ತೆಳ್ಳಗೆ ಬಳಿದಂತೆ ಅಷ್ಟೇ. ಮೇಲಿನ ಪೆಟ್ಟಿಗೆಯ ಕಥೆ ಬೇರೆ. ಕೆಲವು ಯಂತ್ರಗಳಲ್ಲಿ ಕಾಯಿಲ್ ಮಾತ್ರ ನೀರು ತಡೆಯುತ್ತದೆ, ಪೆಟ್ಟಿಗೆ ಮಳೆಹನಿಗೂ ಹೆದರುತ್ತದೆ. ಅಂಥದ್ದಕ್ಕೆ ಹಿಂಡಿದ ಒದ್ದೆ ಬಟ್ಟೆಯೇ ಸಾಕು.

ಪೆಟ್ಟಿಗೆಯ ಮೇಲೆ ಐಪಿ68 ಅಂತ ಬರೆದಿದ್ದರೂ ನೀರಿನ ಪೈಪ್ ಹಿಡಿದು ಜೋರಾಗಿ ಬಿಡಬೇಡಿ. ಆ 6 ಅಂದರೆ ದೂಳು ಒಳಹೋಗುವುದಿಲ್ಲ. 8 ಅಂದರೆ ತಯಾರಕರು ಹೇಳಿದಷ್ಟು ಆಳದಲ್ಲಿ, ಅಷ್ಟು ಹೊತ್ತು ಮುಳುಗಿಸಿಟ್ಟರೂ ನೀರು ಹೋಗುವುದಿಲ್ಲ. ಒತ್ತಡದಿಂದ ಚಿಮ್ಮುವ ನೀರಿಗೆ ಪರೀಕ್ಷೆಯೇ ಬೇರೆ, ಅಂಕಿಗಳೇ ಬೇರೆ. ಪರೀಕ್ಷೆ ಮಾಡುವುದು ಹೊಸ ಯಂತ್ರಕ್ಕೆ ಅನ್ನುವುದೂ ನೆನಪಿರಲಿ. ನಾಲ್ಕು ವರ್ಷ ಬಿಸಿಲು, ಮರಳು ಕಂಡ ಓ-ರಿಂಗ್, ಅಂದರೆ ಮುಚ್ಚಳದ ಸಂದಿನಲ್ಲಿ ನೀರು ತಡೆಯುವ ರಬ್ಬರ್ ಉಂಗುರ, ಮೊದಲಿನ ಹಾಗೆ ಇರುವುದಿಲ್ಲ.

ಓ-ರಿಂಗ್ ಬಗ್ಗೆ ಹೇಳಲೇಬೇಕು. ಅದರ ಮೇಲೆ ಒಂದು ಕೂದಲು ಅಡ್ಡ ಬಿದ್ದಿದ್ದರೂ ನೀರಿಗೆ ದಾರಿ ಸಿಕ್ಕಿತು ಅಂತಲೇ ಅರ್ಥ. ನಾನು ಅದನ್ನು ದೀಪದ ಬೆಳಕಿಗೆ ಹಿಡಿದು ಬೆರಳ ತುದಿಯಲ್ಲಿ ಪೂರ್ತಿ ಸುತ್ತು ಸವರಿ ನೋಡುತ್ತೇನೆ. ಕಣ್ಣಿಗೆ ಕಾಣದ ಮರಳಿನ ಕಣ ಬೆರಳಿಗೆ ಸಿಗುತ್ತದೆ. ಆಮೇಲೆ ಸಿಲಿಕೋನ್ ಗ್ರೀಸ್, ಹೊಳಪು ಬರುವಷ್ಟು ಮಾತ್ರ. ಜಾಸ್ತಿ ಹಚ್ಚಿದರೆ ಅದೇ ಮರಳನ್ನು ಹಿಡಿದಿಡುತ್ತದೆ. ಮನೆಯಲ್ಲಿ ಸಿಗುವ ಪೆಟ್ರೋಲಿಯಂ ಜೆಲ್ಲಿ ಎಲ್ಲ ಬಗೆಯ ರಬ್ಬರಿಗೂ ಆಗಿಬರುವುದಿಲ್ಲ, ಕೆಲವು ರಬ್ಬರ್ ಅದನ್ನು ಹೀರಿ ಊದಿಕೊಳ್ಳುತ್ತವೆ. ರಿಂಗೇ ಸಿಲಿಕೋನ್‌ನದಾಗಿದ್ದರೆ ಸಿಲಿಕೋನ್ ಗ್ರೀಸ್ ಕೂಡ ಹೊಂದುವುದಿಲ್ಲ. ಕೈಪಿಡಿಯಲ್ಲಿ ಒಂದು ಸಾಲು ಇರುತ್ತದೆ, ಓದಿಕೊಂಡು ಮುಟ್ಟಿ.

ಸ್ಕ್ರೀನ್ ಒರೆಸುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಮರಳು ಅಂಟಿರುವಾಗಲೇ ಒಣ ಬಟ್ಟೆಯಲ್ಲಿ ಉಜ್ಜುತ್ತಾರೆ. ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್. ಅದು ಗಾಜಿಗೂ ಗೀರು ಹಾಕುತ್ತದೆ, ಪ್ಲಾಸ್ಟಿಕ್ ಅದರ ಮುಂದೆ ಬೆಣ್ಣೆ. ಮೊದಲು ನೀರು ಸುರಿದೋ ಒದ್ದೆ ಬಟ್ಟೆ ಒತ್ತಿಯೋ ಮರಳನ್ನು ಎತ್ತಬೇಕು, ಆಮೇಲೆ ಒರೆಸಬೇಕು. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಯಾವುದೂ ಹತ್ತಿರ ಬರಬಾರದು. ಪ್ಲಾಸ್ಟಿಕ್ ಮಂಜಾಗುತ್ತದೆ, ಬಿರುಕು ಬಿಡುತ್ತದೆ. ಒಂದೆರಡು ಹನಿ ಸೌಮ್ಯ ಸೋಪು, ಹಳೇ ಟೂತ್‌ಬ್ರಷ್. ಇದಕ್ಕಿಂತ ಹೆಚ್ಚಿನ ಸಲಕರಣೆ ನನಗೆ ಇದುವರೆಗೂ ಬೇಕಾಗಿಲ್ಲ.

ಕೊಳವೆಗಳನ್ನು ಬಿಗಿ ಮಾಡುವ ಲಾಕ್‌ಗಳಿಗೆ ಎಣ್ಣೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಲಾಕ್ ಹಿಡಿಯುವುದೇ ಉಜ್ಜಾಟದಿಂದ, ಎಣ್ಣೆ ಬಿದ್ದರೆ ಜಾರುತ್ತದೆ. ಎಣ್ಣೆಗೆ ಮೆತ್ತಿಕೊಂಡ ಮರಳು ಉಪ್ಪುಕಾಗದದ ಹಾಗೆ ಕೊಳವೆಯನ್ನು ತಿನ್ನುತ್ತದೆ. ಅಲ್ಲಿಗೆ ಬೇಕಾದದ್ದು ಬರೀ ನೀರು ಮತ್ತು ಪೂರ್ತಿ ಒಣಗುವಷ್ಟು ಹೊತ್ತು.

ಕಾಯಿಲ್ ಹಿಡಿದಿರುವ ಬೋಲ್ಟ್ ಪ್ಲಾಸ್ಟಿಕ್‌ದು ಯಾಕೆ ಅಂತ ಈಗ ಹೇಳಬೇಕಾಗಿಲ್ಲ ಅಲ್ವಾ? ಕಳೆದುಹೋಯಿತು ಅಂತ ಕಬ್ಬಿಣದ ಬೋಲ್ಟ್ ಹಾಕಿದರೆ ಗಾರ್ಫೀಲ್ಡ್ ಅವರ ಹಾಸಿಗೆಯ ಕಥೆಯೇ. ಅದರ ಎರಡೂ ಪಕ್ಕದ ರಬ್ಬರ್ ವಾಷರ್‌ಗಳನ್ನು ತೆಗೆದು ತೊಳೆಯಿರಿ. ಅವು ಒದ್ದೆ ಇದ್ದರೆ, ನುಣುಪಾಗಿ ಸವೆದಿದ್ದರೆ ಕಾಯಿಲ್ ತಲೆದೂಗುತ್ತದೆ. ಆಗ ಜನ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತಾರೆ, ಕಾಯಿಲ್‌ನ ಕಿವಿ, ಅಂದರೆ ಬೋಲ್ಟ್ ತೂರುವ ಅದರ ಮಡಿಕೆ, ಮುರಿಯುತ್ತದೆ. ವಾಷರ್ ಬದಲಿಸುವುದು ಸುಲಭ, ಕಿವಿ ಮುರಿದ ಕಾಯಿಲ್‌ಗೆ ಮದ್ದಿಲ್ಲ. ಕೇಬಲ್ ಅನ್ನು ಪೂರ್ತಿ ಬಿಚ್ಚಿ ಒರೆಸಿ, ಮತ್ತೆ ಸುತ್ತುವಾಗ ಕಾಯಿಲ್ ಬಾಗಿಸಲು ಬೇಕಾದಷ್ಟು ಸಡಿಲ ಬಿಡಿ. ಉಳಿದದ್ದು ಕೊಳವೆಗೆ ಒತ್ತಿಕೊಂಡಿರಲಿ. ಅಲ್ಲಾಡುವ ಕೇಬಲ್ ಕೂಡ ಸುಳ್ಳು ಸದ್ದು ಕೊಡುತ್ತದೆ.

ಬ್ಯಾಟರಿಯ ವಿಷಯದಲ್ಲಿ ನನ್ನ ಗಮನ ತಪ್ಪಿದ್ದು ಒಂದು ಮಳೆಗಾಲ. ಆಲ್ಕಲೈನ್ ಸೆಲ್‌ಗಳನ್ನು ಒಳಗೇ ಬಿಟ್ಟು ಯಂತ್ರವನ್ನು ಎತ್ತಿಟ್ಟಿದ್ದೆ. ತೆಗೆದಾಗ ಒಂದು ಸೆಲ್‌ನ ತುದಿಯಲ್ಲಿ ಬಿಳಿ ಹರಳು, ಸ್ಪ್ರಿಂಗ್ ಹಸಿರು. ಈ ಸೆಲ್‌ಗಳೊಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಕ್ಷಾರ, ಚರ್ಮ ಸುಡುತ್ತದೆ. ಕೈಗವಸು ಹಾಕಿಕೊಂಡು, ಹತ್ತಿಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಸವರಬೇಕು. ಕ್ಷಾರಕ್ಕೆ ಆಮ್ಲ ತಾಗಿ ಸಣ್ಣಗೆ ನೊರೆಯುತ್ತದೆ. ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಬೇಕು. ನನ್ನ ಸ್ಪ್ರಿಂಗ್ ಉಳಿಯಿತು. ಈಗ ಎರಡು ವಾರ ಹೋಗುವುದಿಲ್ಲ ಅಂತ ಗೊತ್ತಿದ್ದರೆ ಸೆಲ್ ಹೊರಗೆ. ಒಳಗೇ ಕೂರುವ ಲಿಥಿಯಂ ಬ್ಯಾಟರಿಯಾದರೆ ಅರ್ಧದ ಆಸುಪಾಸು ಚಾರ್ಜ್ ಇಟ್ಟು ತಂಪಾದ ಕಡೆ ಇಡಿ. ತುಂಬಿಸಿಯೂ ಬೇಡ, ಬರಿದು ಮಾಡಿಯೂ ಬೇಡ. ಚಾರ್ಜ್‌ಗೆ ಹಾಕುವ ಮುಂಚೆ ಚಾರ್ಜರ್ ತಾಗುವ ಲೋಹದ ಚುಕ್ಕೆಗಳು ಒಣಗಿವೆಯಾ ನೋಡಿ. ಉಪ್ಪು ತೇವ ಇರುವಾಗ ವಿದ್ಯುತ್ ಹರಿಸಿದರೆ ಅವು ಕರಗಿ ಕಿಲುಬು ಹಿಡಿಯುತ್ತವೆ.

ಮಣ್ಣು ತೊಳೆಯುವುದಕ್ಕೆ ಯಂತ್ರದ ಆರೋಗ್ಯಕ್ಕಿಂತ ದೊಡ್ಡ ಕಾರಣವೂ ಇದೆ. ಪಶ್ಚಿಮ ಆಸ್ಟ್ರೇಲಿಯಾದ ಜಾರಾ ಮರಗಳ ಕಾಡುಗಳನ್ನು ಫೈಟಾಫ್ತೊರಾ ಸಿನ್ನಮೊಮಿ ಅನ್ನುವ ಸೂಕ್ಷ್ಮಜೀವಿ ಬೇರಿನಿಂದ ಕೊಲ್ಲುತ್ತಾ ಬಂದಿದೆ. ಅದು ಊರಿಂದೂರಿಗೆ ಹೋಗುವುದು ಬೂಟಿಗೆ, ಗಾಡಿಗೆ, ಸಲಿಕೆಗೆ ಅಂಟಿದ ಒದ್ದೆ ಮಣ್ಣಿನಲ್ಲಿ. ನಾವು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ, ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಹೋಗುವವರು. ಇನ್ನೊಬ್ಬರ ನೆಲದಲ್ಲಿ ಕಾಲಿಡುವ ಮುಂಚೆ ಸಲಿಕೆಯ ಅಂಚು, ಬೂಟಿನ ತಳ, ಕಾಯಿಲ್ ಕವರ್ ಚೊಕ್ಕಟ ಇರಬೇಕು. ಇದು ನನಗೆ ಮರ್ಯಾದೆಯ ಪ್ರಶ್ನೆ.

ತೊಳೆದು ಒಣಗಿಸಿದ ಮೇಲೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಇದನ್ನು ಕಲಿತದ್ದು ನೆಲಬಾಂಬ್ ತೆಗೆಯುವವರ ಬಗ್ಗೆ ಓದಿ. ಅವರು ಕೆಲಸ ಶುರು ಮಾಡುವ ಮುಂಚೆ, ಗೊತ್ತಿರುವ ಒಂದು ಲೋಹದ ತುಂಡನ್ನು ಡಿಟೆಕ್ಟರ್ ಹಿಡಿಯುತ್ತದಾ ಅಂತ ನೋಡಿಯೇ ಮುಂದೆ ಹೆಜ್ಜೆ ಇಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಯೋಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬ್ ಶೋಧಕ 1942ರಲ್ಲಿ ಈಜಿಪ್ಟಿನ ಎಲ್ ಅಲಮೇನ್ ಮರುಭೂಮಿಯಲ್ಲಿ ಸೈನಿಕರಿಗೆ ದಾರಿ ತೋರಿಸಿತ್ತು. ಆ ಮರಳಿನಲ್ಲಿ, ಆ ದೂಳಿನಲ್ಲಿ ಅದನ್ನು ಹೊತ್ತು ನಡೆದವರ ಜೀವ ಅದರ ಸದ್ದನ್ನೇ ನಂಬಿತ್ತು. ನನ್ನ ಯಂತ್ರ ತಪ್ಪು ಹೇಳಿದರೆ ಒಂದು ಗುಂಡಿ ದಂಡ ಆಗುತ್ತದೆ, ಅಷ್ಟೇ. ಆದರೂ ಆ ಶಿಸ್ತು ನನಗೆ ಹಿಡಿಸಿತು.

ಒಂದೇ ನಾಣ್ಯ, ಒಂದೇ ಮರದ ಅಳತೆಪಟ್ಟಿ, ಒಂದೇ ಸೆಟ್ಟಿಂಗ್. ಟಿವಿ, ಮೊಬೈಲ್, ಗೋಡೆಯೊಳಗಿನ ವೈರ್‌ಗಳಿಂದ ದೂರ, ಬಯಲಿನಲ್ಲಿ. ಕಾಯಿಲ್‌ನ ಮುಂದೆ ನಾಣ್ಯ ಆಡಿಸುತ್ತಾ ಹಿಂದೆ ಸರಿಯುತ್ತೇನೆ, ಸದ್ದು ನಿಂತ ದೂರವನ್ನು ಪುಸ್ತಕದಲ್ಲಿ ಬರೆಯುತ್ತೇನೆ. ಸಾಮಾನ್ಯವಾಗಿ 22 ಸೆಂಟಿಮೀಟರ್ ಬರುತ್ತದೆ. ಒಮ್ಮೆ 17ಕ್ಕೆ ಇಳಿದಿತ್ತು. ಪುಸ್ತಕ ಇಲ್ಲದಿದ್ದರೆ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಹುಡುಕಿದಾಗ ಕೇಬಲ್ ಸೇರುವ ಕನೆಕ್ಟರ್‌ನಲ್ಲಿ ಉಪ್ಪಿನ ತೆಳು ಪದರ ಇತ್ತು. ಒರೆಸಿ ಒಣಗಿಸಿದ ಮೇಲೆ ಮತ್ತೆ 22.

ಮೊನ್ನೆ ತೊಳೆದದ್ದನ್ನು ಎರಡು ರಾತ್ರಿ ನೆರಳಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದೆ. ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿದ್ದೆ, ಒಳಗಿನ ನೀರು ಇಳಿಯಲಿ ಅಂತ. ಇವತ್ತು ಬೆಳಿಗ್ಗೆ ಜೋಡಿಸಿದೆ. ಕೆಳಗಿನ ಕೊಳವೆ ಒಳಗೆ ಜಾರುವಾಗ ಆ ಹಳೇ ಗೀರಿನ ಹತ್ತಿರ ಕರಕ್ ಅಂತ ಸಣ್ಣ ಸದ್ದು ಬರುತ್ತದೆ. ಅದು ನನಗೆ ಗೊತ್ತಿರುವ ಸದ್ದು. ಇವತ್ತು ಅದರ ಮುಂಚೆ ಇನ್ನೊಂದು ಸದ್ದು ಕೇಳಿತು, ಸರಸರ ಅನ್ನುವಂಥದ್ದು. ಕೊಳವೆ ಹೊರಗೆಳೆದು ಬೆಳಕಿಗೆ ಹಿಡಿದೆ. ಲಾಕ್‌ನ ಒಳಮಗ್ಗುಲಲ್ಲಿ ನಾಲ್ಕೈದು ಮರಳಿನ ಕಣ ಉಳಿದಿದ್ದವು. ಬಕೆಟ್‌ಗೆ ಮತ್ತೆ ನೀರು ಹಿಡಿದೆ.